ವರದಿಯಲ್ಲಿ ‘ಸಿಸ್ಟ್’ ಎಂದಿದೆಯೇ?

ಹಸುಗೂಸಿನ ನೆತ್ತಿಯ ಮೆತ್ತನೆ ಜಾಗಕ್ಕೆ ಜೆಲ್ ಹಚ್ಚಿ ಮಾಡಿದ ಸ್ಕ್ಯಾನಿಂಗ್ ವರದಿಯಲ್ಲಿ ‘ಸಿಸ್ಟ್’ ಎಂದು ಕಂಡೊಡನೆ ಬಾಣಂತಿಯ ಎದೆ ಧಸಕ್ಕೆನ್ನುತ್ತದೆ. ದಯವಿಟ್ಟು ಅದನ್ನು ಗಡ್ಡೆ ಎಂದು ಓದಿಕೊಳ್ಳಬೇಡಿ. ಅದು ದ್ರವ ತುಂಬಿದ ಗುಳ್ಳೆ, ಅನೇಕ ವೇಳೆ ಕೆಲವೇ ಮಿಲಿಮೀಟರಿನದು.

ಡಾಕ್ಟರನ್ನು ಕೇಳಬೇಕಾದದ್ದು, ಗುಳ್ಳೆ ಎಲ್ಲಿದೆ ಎಂದು. ಮಿದುಳಿನ ದ್ರವ ತಯಾರಾಗುವ ಕೊರಾಯ್ಡ್ ಪ್ಲೆಕ್ಸಸ್‌ನಲ್ಲಿ ಸಣ್ಣದೊಂದು ಗುಳ್ಳೆಯಿದ್ದು, ಉಳಿದೆಲ್ಲ ಸರಿಯಿದ್ದು, ಮಗು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ, ಸಾಮಾನ್ಯವಾಗಿ ಕೆಲ ತಿಂಗಳಲ್ಲಿ ಅದು ತಾನಾಗಿಯೇ ಕರಗುತ್ತದೆ. ‘ಕೇವಮ್ ಸೆಪ್ಟಮ್ ಪೆಲ್ಲುಸಿಡಮ್’ ಎಂದಿದ್ದರಂತೂ ಅದು ಕಾಯಿಲೆಯೇ ಅಲ್ಲ. ಗರ್ಭದಲ್ಲಿ ಎಲ್ಲ ಶಿಶುಗಳಿಗೂ ಇರುವ ಆ ದ್ರವದ ಜಾಗ ಬಹುಪಾಲು ಮಕ್ಕಳಲ್ಲಿ 6 ತಿಂಗಳೊಳಗೆ ಮುಚ್ಚಿಕೊಳ್ಳುತ್ತದೆ. ಮಿದುಳಿನ ದ್ರವಕೋಶಗಳ ಒಳಪದರದಡಿ ಇರುವ ‘ಸಬ್‌ಎಪೆಂಡೈಮಲ್’ ಗುಳ್ಳೆಗಳೂ ಹೆಚ್ಚಾಗಿ ನಿರಪಾಯ. ಹಲವು ಇದ್ದರೆ ಸಿಎಂವಿ (ಸೈಟೋಮೆಗಾಲೋವೈರಸ್) ಸೋಂಕಿನ ಪರೀಕ್ಷೆ ಹೇಳಬಹುದು, ಹೆದರದೆ ಮಾಡಿಸಿ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ಮಿದುಳಿನ ಬಿಳಿಭಾಗದಲ್ಲಿ ಮೂಡುವ ಗುಳ್ಳೆಗಳ ವಿಷಯ ಬೇರೆ; ಅಲ್ಲಿ ಬೆಳವಣಿಗೆಯ ಮೇಲೆ ನಿರಂತರ ನಿಗಾ ಬೇಕೇ ಬೇಕು.

ಮತ್ತೆ ಸ್ಕ್ಯಾನ್ ಮಾಡಿಸಲು ಹೇಳಿದರೆ ನೆತ್ತಿ ಕೂಡುವ ಮೊದಲೇ ಹೋಗಿ. ಅದರಲ್ಲಿ ಎಕ್ಸ್‌ರೇ ಕಿರಣವಿಲ್ಲ, ಮಗುವಿಗೆ ಅರಿವಳಿಕೆಯೂ ಬೇಡ. ನೆತ್ತಿ ಉಬ್ಬಿದರೆ, ಫಿಟ್ಸ್ ಬಂದರೆ, ತಲೆ ಬೇಗಬೇಗ ದೊಡ್ಡದಾದರೆ ದಿನಾಂಕ ಕಾಯದೆ ಆಸ್ಪತ್ರೆಗೆ ಹೊರಡಿ.