ಕಾದಂಬರಿಕಾರರಿಗೂ ಲೆಕ್ಕದ ಪುಸ್ತಕ ಬೇಕು

ಶಿವಮೊಗ್ಗದಲ್ಲಿ ಕಥೆ ಬರೆಯುವ ಹುಡುಗ ಹುಡುಗಿಯರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ‘ಸರ್, ಕೆಲಸ ಬಿಟ್ಟು ಬರೆಯೋಕೆ ಕೂತ್ರೆ ಜೀವನ ನಡೆಯುತ್ತಾ?’ ನನ್ನ ಉತ್ತರವೂ ಒಂದೇ. ಬರೆಯುವುದನ್ನು ಬಿಡಬೇಡಿ, ಕೆಲಸವನ್ನೂ ಬಿಡಬೇಡಿ.

ಲೆಕ್ಕ ಹಾಕಿ ನೋಡಿ. ಕಾದಂಬರಿಯ ಮುಖಬೆಲೆ 200 ರೂಪಾಯಿ, ರಾಯಧನ ಶೇ 10 ಎಂದಿಟ್ಟುಕೊಳ್ಳೋಣ. 500 ಪ್ರತಿ ಪೂರ್ತಿ ಖರ್ಚಾದರೆ ಲೇಖಕರ ಕೈಗೆ 10,000 ರೂಪಾಯಿ. ಸಾವಿರ ಪ್ರತಿ ಹೋದರೆ 20,000. ಎರಡು ಮೂರು ವರ್ಷ ಕೂತು ಬರೆದದ್ದಕ್ಕೆ ಸಿಗುವುದು ಇಷ್ಟು. ಮನೆ ಬಾಡಿಗೆ, ಮಕ್ಕಳ ಫೀಸು ಇದರಲ್ಲಿ ಸಾಗುವುದಿಲ್ಲ.

ನಮ್ಮ ಜಿಲ್ಲೆಯ ಹಿರಿಯರಿಗೆ ಇದು ಗೊತ್ತಿತ್ತು. ಕುವೆಂಪು, ಅನಂತಮೂರ್ತಿ ಇಬ್ಬರೂ ಮೇಷ್ಟರು. ಸಾಗರದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದರು. ಶರಾವತಿ ಯೋಜನೆಯಲ್ಲಿ ದುಡಿಯುವಾಗ ಹತ್ತಿರದಿಂದ ಕಂಡ ಮುಳುಗಡೆಯೇ ಅವರ ಬರವಣಿಗೆಗೆ ವಸ್ತುವಾಯಿತು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ನೌಕರಿ ಸಂಬಳದ ಜೊತೆಗೆ ಕಥೆಯನ್ನೂ ಕೊಡುತ್ತದೆ.

ನನಗೆ ಭದ್ರಾವತಿಯಲ್ಲಿ ಕೆಲಸ, ಶಿವಮೊಗ್ಗದಲ್ಲಿ ಮನೆ. ಬೆಳಗಿನ ಒಂದು ಗಂಟೆ ಬರವಣಿಗೆಗೆ ಮೀಸಲು. ಹಿಂದಿನ ದಿನದ ಪುಟಗಳನ್ನು ಬಸ್ಸಿನಲ್ಲಿ ತಿದ್ದುತ್ತಿದ್ದೆ. ತಿಂಗಳ ಕೊನೆಗೆ ಸಂಬಳ ಬರುತ್ತಿದ್ದುದರಿಂದ ಯಾವ ಕರಡನ್ನೂ ಅವಸರದಲ್ಲಿ ಪ್ರಕಾಶಕರ ಕೈಗೆ ಕೊಡಬೇಕಾಗಲಿಲ್ಲ. ಕೆಲವು ತಿಂಗಳು ಹಾಗೇ ಇಟ್ಟು, ಮತ್ತೆ ಓದಿ, ಬೇಡದ ಅಧ್ಯಾಯ ಕಿತ್ತುಹಾಕುವ ಸ್ವಾತಂತ್ರ್ಯ ಸಿಕ್ಕಿತು. ಸಂಬಳ ಬರಹಗಾರರಿಗೆ ಕೊಡುವ ದೊಡ್ಡ ಲಾಭ ಈ ಪುರುಸೊತ್ತು.

ಆದರೆ ಸಂಬಳವೂ ನಿಲ್ಲಬಹುದು. ದಶಕಗಳ ಕಾಲ ಕಾಗದ ತಯಾರಿಸಿದ ಭದ್ರಾವತಿಯ ಎಂಪಿಎಂ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಎಷ್ಟೋ ಮನೆಗಳ ಲೆಕ್ಕಾಚಾರ ತಲೆಕೆಳಗಾದದ್ದನ್ನು ಈ ಊರು ಕಂಡಿದೆ. ಆದ್ದರಿಂದ ಆರು ತಿಂಗಳ ಮನೆ ಖರ್ಚನ್ನು ಬ್ಯಾಂಕಿನಲ್ಲಿ ಇಟ್ಟುಕೊಂಡೇ ಮುಂದಿನ ಮಾತು. ಬರವಣಿಗೆಯ ಗೌರವಧನ, ರಾಯಧನ, ಬಹುಮಾನದ ಹಣಕ್ಕೆ ಬೇರೆ ಖಾತೆ ತೆರೆಯಿರಿ. ನಾನು ಪುಸ್ತಕ ಕೊಳ್ಳುವುದು, ಡಿಟಿಪಿ ಮಾಡಿಸುವುದು, ಕಥೆಯ ಊರಿಗೆ ಹೋಗಿಬರುವುದು ಎಲ್ಲಕ್ಕೂ ಆ ಖಾತೆಯಿಂದಲೇ ತೆಗೆಯುತ್ತೇನೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ದುಡ್ಡನ್ನು ಕೈಗೆ ಬರುವ ಮೊದಲೇ ಲೆಕ್ಕಕ್ಕೆ ಹಿಡಿಯಬೇಡಿ.

ಮೊದಲ ಪುಸ್ತಕಕ್ಕೆ ಸಾಲ ಮಾಡುವುದಂತೂ ಬೇಡವೇ ಬೇಡ. ಮೊದಲು ‘ಸುಧಾ’, ‘ಮಯೂರ’, ‘ತರಂಗ’ಕ್ಕೆ ಕಥೆ ಕಳಿಸಿ, ಸ್ಪರ್ಧೆಗಳಿಗೆ ಬರೆಯಿರಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಯೋಜನೆ ಇದೆ. ಪುಸ್ತಕ ಬಂದ ಮೇಲೆ ನಮ್ಮೂರಿನ ಕರ್ನಾಟಕ ಸಂಘದ ಪುಸ್ತಕ ಬಹುಮಾನಕ್ಕೂ ಕಳಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಪ್ಪಂದ ಪತ್ರ. ಒಮ್ಮೆ ನನಗೆ ಬಂದ ಒಪ್ಪಂದದಲ್ಲಿ ‘ಎಲ್ಲ ಹಕ್ಕುಗಳೂ ಪ್ರಕಾಶಕರವು’ ಎಂದಿತ್ತು. ಮುದ್ರಣದ ಹಕ್ಕು ಮಾತ್ರ ಕೊಡುತ್ತೇನೆ, ಅನುವಾದ, ಆಡಿಯೊ, ಸಿನಿಮಾ ಹಕ್ಕು ನನ್ನಲ್ಲೇ ಇರಲಿ ಎಂದು ಕೇಳಿದೆ. ತಕರಾರಿಲ್ಲದೆ ತಿದ್ದಿ ಕಳಿಸಿದರು. ಕೇಳಿದರೆ ಸಿಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷ ಎಂದೇ ಅರ್ಥ. ಎಷ್ಟು ಪ್ರತಿ, ಎಷ್ಟು ವರ್ಷ, ರಾಯಧನ ಎಷ್ಟು, ಲೆಕ್ಕ ಕೊಡುವುದು ಯಾವಾಗ ಎಂಬ ನಾಲ್ಕೂ ಪತ್ರದಲ್ಲಿ ಇರಲಿ.

ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೂ ಇರುತ್ತದೆ. ಹೊಲ, ಮನೆಯಂತೆ ಇದೂ ಆಸ್ತಿ. ಉಯಿಲಿನಲ್ಲಿ ನಿಮ್ಮ ಪುಸ್ತಕಗಳ ಹೆಸರೂ ಇರಲಿ.

ಈ ವಾರ ನಿಮ್ಮ ಒಪ್ಪಂದ ಪತ್ರಗಳನ್ನು ಹೊರತೆಗೆದು ಓದಿ. ಪತ್ರವೇ ಇಲ್ಲದ ಪುಸ್ತಕವಿದ್ದರೆ, ಸಂಕೋಚ ಬಿಟ್ಟು ಪ್ರಕಾಶಕರನ್ನು ಕೇಳಿ ಬರೆಸಿಕೊಳ್ಳಿ.