ತಾರೀಖು ಹಿಡಿದು ಚರಿತ್ರೆಗೆ: ದಂಡಿನಿಂದ ಒಂದು ಆರಂಭ

ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದ್ದರೆ ಜುಲೈ ತಿಂಗಳ ಹಾಳೆ ತೆಗೆದು 26ರ ಮೇಲೆ ಬೆರಳಿಡಿ. ಕಾರ್ಗಿಲ್ ವಿಜಯ ದಿವಸ. 1999ರ ಆ ಯುದ್ಧ ಮುಗಿದ ದಿನವನ್ನು ದೇಶ ನೆನೆಯುವ ತಾರೀಖು ಅದು. ಬೆಂಗಳೂರಿನ ಹಲಸೂರು ಕೆರೆಯ ಮಗ್ಗುಲಲ್ಲೇ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರವಿದೆ. ಹಾಗಾಗಿ ಆ ಸುತ್ತಿನವರಿಗೆ ಸೈನ್ಯದ ನೆನಪಿನ ದಿನಗಳು ದೂರದ ಸಂಗತಿಗಳಲ್ಲ. ಆದರೆ ಅದೇ ಜುಲೈ 26ಕ್ಕೆ ಇನ್ನೊಂದು ವರ್ಷವೂ ಅಂಟಿಕೊಂಡಿದೆ: 1947. ಆ ಶನಿವಾರ ಶಿವಾಜಿನಗರ, ಹಲಸೂರು ಸೇರಿದಂತೆ ಇಡೀ ದಂಡು (ಕಂಟೋನ್ಮೆಂಟ್) ಪ್ರದೇಶವನ್ನು ಬ್ರಿಟಿಷರು ಮೈಸೂರು ಸಂಸ್ಥಾನಕ್ಕೆ ಮರಳಿ ಒಪ್ಪಿಸಿದರು. ಸ್ವಾತಂತ್ರ್ಯಕ್ಕೆ ಸರಿಯಾಗಿ 20 ದಿನ ಮೊದಲು.

ದೇಶದ ಚರಿತ್ರೆಯನ್ನು ಹೊಸದಾಗಿ ಓದಲು ಹೊರಟವರಿಗೆ ನಾನು ಈ ದಿನದಿಂದಲೇ ಪಾಠ ಶುರು ಮಾಡುತ್ತೇನೆ. ರಾಜವಂಶಗಳ ಪಟ್ಟಿ, ಯುದ್ಧಗಳ ಸರಣಿ ಆಮೇಲೆ ಬರಲಿ. ಮೊದಲು ಒಂದು ತಾರೀಖು ಹಿಡಿದು, ‘ಆ ದಿನ ನಮ್ಮ ಬೀದಿ ಯಾರ ಆಡಳಿತದಲ್ಲಿತ್ತು?’ ಎಂದು ಕೇಳಿ ನೋಡಿ. ಈ ಒಂದು ಪ್ರಶ್ನೆಯಿಂದ ಎಷ್ಟು ದೂರ ಹೋಗಬಹುದು ಎಂಬುದನ್ನು ನಿಧಾನವಾಗಿ ತೋರಿಸುತ್ತೇನೆ.

‘ಮರಳಿ ಒಪ್ಪಿಸಿದರು’ ಎಂದೆ. ಹಾಗಾದರೆ ಅದಕ್ಕೆ ಮೊದಲು ತೆಗೆದುಕೊಂಡದ್ದು ಯಾವಾಗ? ಟಿಪ್ಪು 1799ರ ಮೇ 4ರಂದು ಮಡಿದ ಮೇಲೆ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಅಲ್ಲಿಂದ ಅದು ಬೆಂಗಳೂರಿಗೆ ಬಂದು, 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ದಂಡು ನೆಲೆಯೂರಿತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಇಡೀ ಸಂಸ್ಥಾನದ ಆಡಳಿತವನ್ನೇ ಬ್ರಿಟಿಷರು ಕಿತ್ತುಕೊಂಡರು. ಐವತ್ತು ವರ್ಷ ಕಮಿಷನರುಗಳು ಆಳಿದ ಮೇಲೆ, 1881ರ ಮಾರ್ಚ್ 25ರಂದು ರಾಜ್ಯ ಚಾಮರಾಜೇಂದ್ರ ಒಡೆಯರ ಕೈಗೆ ಬಂತು. ಆದರೆ ದಂಡು ಬರಲಿಲ್ಲ. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಅದು ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲೇ ಉಳಿಯಿತು. ಒಂದೇ ಊರಿಗೆ ಎರಡು ಸರ್ಕಾರ, ಎರಡು ಪುರಸಭೆ, ಎರಡು ಪೊಲೀಸು. ಪೇಟೆಯಿಂದ ಕಬ್ಬನ್ ಪಾರ್ಕ್ ದಾಟಿ ಶಿವಾಜಿನಗರದ ಕಡೆ ನಡೆದವನು ಮಹಾರಾಜರ ಆಡಳಿತದಿಂದ ಹೊರಗೆ ಕಾಲಿಡುತ್ತಿದ್ದ.

ಈಗ ಕೆ.ಆರ್. ಪುರವನ್ನು ನೋಡಿ. ಅದು ದಂಡಿನ ಎಲ್ಲೆಯ ಆಚೆ, ಮೈಸೂರಿನ ನೆಲ. 1947ರ ಜುಲೈ 26 ಅಲ್ಲಿ ಮಾಮೂಲಿ ಶನಿವಾರ. ಆಗಸ್ಟ್ 15 ಬಂದಾಗಲೂ ಮೈಸೂರಿನಲ್ಲಿ ಆಡಳಿತ ಮಹಾರಾಜರದೇ. ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆದು, ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದ ಮೇಲೆಯೇ ಜನರ ಪ್ರತಿನಿಧಿಗಳ ಸರ್ಕಾರ ಬಂದದ್ದು. ಕಲಬುರಗಿ, ಬೀದರ್, ರಾಯಚೂರಿನ ಕಡೆಯವರು ಇನ್ನೂ ಕಾಯಬೇಕಿತ್ತು. ನಿಜಾಮನ ಆಡಳಿತ ಕೊನೆಗೊಂಡದ್ದು 1948ರ ಸೆಪ್ಟೆಂಬರ್ 17ಕ್ಕೆ. ಆಗಸ್ಟ್ 15 ಇಡೀ ದೇಶದ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಆದರೂ ಸ್ವಾತಂತ್ರ್ಯ ಹಲಸೂರಿಗೆ ಬಂದ ದಾರಿ ಬೇರೆ, ಕೆ.ಆರ್. ಪುರಕ್ಕೆ ಬಂದ ದಾರಿ ಬೇರೆ, ಕಲಬುರಗಿಗೆ ಬಂದ ದಾರಿ ಇನ್ನೂ ಬೇರೆ. ರಾಷ್ಟ್ರದ ಚರಿತ್ರೆ ಎಂದು ನಾವು ಕರೆಯುವುದು ಇಂಥ ದಾರಿಗಳು ಕೂಡಿದ್ದನ್ನೇ ಎಂದು ನಾನು ನಂಬಿದ್ದೇನೆ.

ಅಭ್ಯಾಸಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ ಅಷ್ಟೆ. ದಿನಕ್ಕೊಂದು ಪುಟ. ಜುಲೈ 26ರ ಪುಟವನ್ನು ನಾನು ಹೀಗೆ ಬರೆಸುತ್ತೇನೆ: ‘1947, ಶನಿವಾರ. ಜಾಗ, ಹಲಸೂರು. ರೆಸಿಡೆಂಟರ ಆಡಳಿತ ಮುಗಿದು ಮೈಸೂರಿಗೆ ಸೇರಿತು. ಹಿಂದಿನ ಕೊಂಡಿ, 1881ರ ಮಾರ್ಚ್ 25. ಮುಂದಿನ ಕೊಂಡಿ, 1949. ಪೇಟೆಯ ಪುರಸಭೆ, ದಂಡಿನ ಪುರಸಭೆ ಕೂಡಿ ಒಂದೇ ಕಾರ್ಪೊರೇಶನ್. ಅದೇ ದಿನ ಕೆ.ಆರ್. ಪುರದಲ್ಲಿ, ಬದಲಾವಣೆ ಇಲ್ಲ.’ ಕೊನೆಯ ಸಾಲನ್ನು ಬಿಡಬೇಡಿ. ಪಕ್ಕದೂರಿನಲ್ಲಿ ಏನೂ ಆಗಲಿಲ್ಲ ಎನ್ನುವುದೂ ಒಂದು ಮಾಹಿತಿಯೇ. ವಾರದ ಹೆಸರನ್ನು ಬರೆಯುವುದೂ ಸುಮ್ಮನೆ ಅಲ್ಲ. ಒಬ್ಬರು ತಾರೀಖು ಹೇಳಿ ಮಂಗಳವಾರ ಎಂದರೆ, ಹಳೆಯ ಕ್ಯಾಲೆಂಡರ್ ಲೆಕ್ಕ ಹಾಕಿದಾಗ ಶನಿವಾರ ಬಂದರೆ, ಎರಡರಲ್ಲಿ ಒಂದು ತಪ್ಪು ಎಂದು ಗೊತ್ತಾಗುತ್ತದೆ.

ಒಂದು ಘಟನೆಗೆ ಒಂದೇ ತಾರೀಖು ಇರುತ್ತದೆ ಎಂದು ಹೊಸಬರು ಅಂದುಕೊಳ್ಳುವುದು ಸಹಜ. ಶಿವಾಜಿನಗರಕ್ಕೆ ಹೋಗಿ ನೋಡಿದರೆ ಹಾಗಿಲ್ಲ ಎಂದು ತಿಳಿಯುತ್ತದೆ. ರಸೆಲ್ ಮಾರ್ಕೆಟ್ ಕಟ್ಟಿದ್ದು 1927ರಲ್ಲಿ, ವಿಧಿವತ್ತಾಗಿ ಉದ್ಘಾಟನೆಯಾದದ್ದು 1933ರಲ್ಲಿ. ಯಾವುದು ಅದರ ಹುಟ್ಟುಹಬ್ಬ? ಎರಡನ್ನೂ ಬರೆದುಕೊಳ್ಳಿ. ಜೊತೆಗೆ 2012ರ ಫೆಬ್ರವರಿ 25 ಕೂಡ ಬರೆಯಿರಿ; ಆ ದಿನದ ಬೆಂಕಿಯಲ್ಲಿ ಎಷ್ಟೋ ಅಂಗಡಿಗಳು ಸುಟ್ಟುಹೋದವು. ಮಾರ್ಕೆಟ್ಟಿನ ಹತ್ತಿರದ ಸಂತ ಮೇರಿ ಬೆಸಿಲಿಕಾ ಇದಕ್ಕಿಂತ ಸರಳ. ಮೇರಿಯಮ್ಮನ ಹಬ್ಬ ಪ್ರತಿ ವರ್ಷ ಸೆಪ್ಟೆಂಬರ್ 8. ಆಗಸ್ಟ್ 29ಕ್ಕೆ ಧ್ವಜ ಏರುತ್ತದೆ, ಹಬ್ಬದ ಸಂಜೆ ತೇರು ಹೊರಡುತ್ತದೆ. ಈಗಿನ ಚರ್ಚು ಪ್ರತಿಷ್ಠಾಪನೆಯಾದದ್ದೂ 1882ರ ಸೆಪ್ಟೆಂಬರ್ 8ರಂದೇ. ಹಬ್ಬದ ದಿನವನ್ನೇ ನೋಡಿ ಆರಿಸಿದ್ದು ಸ್ಪಷ್ಟ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದೇ ತಾರೀಖಿನಲ್ಲಿ ಎರಡು ಘಟನೆಗಳು ಕೂಡಿದಾಗ, ಯಾರಾದರೂ ಬೇಕೆಂದೇ ಕೂಡಿಸಿದರೋ, ತಾನಾಗಿ ಕೂಡಿತೋ ಎಂದು ವಿಚಾರಿಸದೆ ಮುಂದೆ ಹೋಗಬಾರದು. ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ಕ್ಕೆ. ಜಾರಿಗೆ ತರಲು ಜನವರಿ 26ರವರೆಗೆ ಕಾದರು. 1930ರ ಜನವರಿ 26ರಂದು ದೇಶದಾದ್ಯಂತ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿದ್ದರ ಗೌರವಕ್ಕೆ. ನಮ್ಮ ನವೆಂಬರ್ 1 ಕೂಡ ಹಾಗೆಯೇ: 1956ರಲ್ಲಿ ರಾಜ್ಯ ಒಂದಾದ ದಿನವನ್ನೇ 1973ರಲ್ಲಿ ಕರ್ನಾಟಕ ಎಂಬ ಹೆಸರಿಡಲು ಆರಿಸಿದರು. ಇವು ಬೇಕೆಂದು ಮಾಡಿದ ಜೋಡಣೆ. ಆದರೆ ಕಾರ್ಗಿಲ್‌ಗೂ ದಂಡು ಮೈಸೂರಿಗೆ ಮರಳಿದ್ದಕ್ಕೂ ಜುಲೈ 26 ಒಂದನ್ನು ಬಿಟ್ಟರೆ ಬೇರೆ ಸಂಬಂಧವಿಲ್ಲ. ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರಕ್ಕೆ ಮೆಟ್ರೊ ಉದ್ಘಾಟನೆಯಾದದ್ದು 2023ರ ಮಾರ್ಚ್ 25ರಂದು, ಅಂದರೆ ಒಡೆಯರ ಕೈಗೆ ರಾಜ್ಯ ಬಂದ ತಾರೀಖಿನಂದೇ. ಅದಕ್ಕೂ ಇದಕ್ಕೂ ಅರ್ಥ ಹಚ್ಚಲು ಹೋಗಬೇಡಿ. ನೆನಪಿಟ್ಟುಕೊಳ್ಳಲು ಸುಲಭವಾಯಿತು, ಅಷ್ಟು ಸಾಕು.

ಇನ್ನು ಕೆಲವು ದಿನಗಳು ಇಂಗ್ಲಿಷ್ ತಾರೀಖಿಗೆ ಸಿಗುವುದೇ ಇಲ್ಲ. ಪೇಟೆಯ ಕರಗ ಚೈತ್ರ ಹುಣ್ಣಿಮೆಗೆ. ಒಂದು ವರ್ಷ ಮಾರ್ಚ್ ಕೊನೆಗೆ ಬಂದರೆ ಇನ್ನೊಂದು ವರ್ಷ ಏಪ್ರಿಲ್ ಕೊನೆಗೆ. ಮೊಹರಂ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಇಂದಿರಾನಗರದ ಪಕ್ಕದ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನದಲ್ಲಿ ಹೊಯ್ಸಳರ ಕಾಲದ ತಮಿಳು ಶಾಸನಗಳಿವೆ. ಇಂಥ ಹಳೆಯ ಶಾಸನಗಳಲ್ಲಿ ಕಾಲ ಹೇಳುವ ಕ್ರಮವೇ ಬೇರೆ: ಶಕ ವರ್ಷ, ಸಂವತ್ಸರದ ಹೆಸರು, ಮಾಸ, ತಿಥಿ. ಶಕ ವರ್ಷಕ್ಕೆ 78 ಕೂಡಿಸಿದರೆ ಹೆಚ್ಚುಕಡಿಮೆ ಕ್ರಿಸ್ತಶಕ ಸಿಗುತ್ತದೆ. ವರ್ಷದ ಕೊನೆಯ ಭಾಗವಾದರೆ ಒಂದು ಹೆಚ್ಚು ಬರಬಹುದು. ಎಲ್ಲ ಶಾಸನಗಳೂ ಇಷ್ಟೆಲ್ಲ ವಿವರ ಕೊಡುವುದಿಲ್ಲ. ಆಳುತ್ತಿದ್ದ ರಾಜನ ಹೆಸರಷ್ಟೇ ಇದ್ದರೆ ಶತಮಾನ ಬರೆದುಕೊಂಡು ಮುಂದೆ ಹೋಗಿ.

ಪೂರ್ವದ ಕಡೆ ತಾರೀಖುಗಳು ಒತ್ತಾಗಿ ಸಿಗುವ ಜಾಗವೆಂದರೆ ಎಚ್‌ಎಎಲ್. ಎರಡನೆಯ ಮಹಾಯುದ್ಧದ ನಡುವೆ, 1940ರ ಡಿಸೆಂಬರ್ 23ರಂದು, ವಾಲಚಂದ್ ಹೀರಾಚಂದ್ ಇದನ್ನು ಕಂಪನಿಯಾಗಿ ನೋಂದಾಯಿಸಿದರು. ಮೈಸೂರು ಸರ್ಕಾರ ಪಾಲು ಹಾಕಿತ್ತು. 1961ರ ಜೂನ್ 17ಕ್ಕೆ ಇಲ್ಲಿನ ಓಡುಪಥದಿಂದ ಮಾರುತ್ ಯುದ್ಧವಿಮಾನ ಮೊದಲ ಬಾರಿ ಹಾರಿತು. ನಲವತ್ತು ವರ್ಷದ ನಂತರ, 2001ರ ಜನವರಿ 4ರಂದು, ತೇಜಸ್ ಎಂದು ಮುಂದೆ ಹೆಸರಾದ ಲಘು ಯುದ್ಧವಿಮಾನ ಇಲ್ಲಿಂದಲೇ ಮೇಲೇರಿತು. ನಡೆಸಿದವರು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್. ಇವೆರಡರ ನಡುವೆ ಒಂದು ದುಃಖದ ಪುಟವೂ ಇದೆ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಇಳಿಯುವ ಮೊದಲೇ ಅಪ್ಪಳಿಸಿತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ಮೊದಲ ಹಾರಾಟಗಳನ್ನು ಮಾತ್ರ ಬರೆದು ಈ ದಿನವನ್ನು ಬಿಟ್ಟರೆ ಪುಸ್ತಕ ಅಪ್ರಾಮಾಣಿಕವಾಗುತ್ತದೆ. ಇಲ್ಲಿಂದ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದದ್ದು 2008ರ ಮೇ 23 ಮತ್ತು 24ರ ನಡುವಿನ ರಾತ್ರಿ. ಮಧ್ಯರಾತ್ರಿಯ ಘಟನೆಗೆ ಎರಡು ದಿನವನ್ನೂ ಬರೆಯಿರಿ. ಒಬ್ಬರು 23 ಎಂದೂ ಇನ್ನೊಬ್ಬರು 24 ಎಂದೂ ಹೇಳಿದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಕಡೆಗೆ, ತಾರೀಖೇ ಇಲ್ಲದವರ ಮಾತು. ಸ್ಯಾಪರ್ಸ್ ಪಡೆಗೆ 1780ರ ಸೆಪ್ಟೆಂಬರ್ 30 ಎಂಬ ಸ್ಥಾಪನಾ ದಿನವಿದೆ. ಮೈಸೂರು ಲ್ಯಾನ್ಸರ್ಸ್ ಜೋಧಪುರದ ಕುದುರೆ ಪಡೆಯೊಂದಿಗೆ ಹೈಫಾ ಪಟ್ಟಣವನ್ನು ಗೆದ್ದದ್ದು 1918ರ ಸೆಪ್ಟೆಂಬರ್ 23ಕ್ಕೆ, ಜೆ.ಸಿ. ನಗರದ ಕಡೆ ಅವರ ಸ್ಮಾರಕವಿದೆ. ಆದರೆ ದಂಡಿನ ಬೆನ್ನಿಗೆ ತಮಿಳು, ತೆಲುಗು, ಉರ್ದು ಮಾತಾಡುತ್ತ ಬಂದು ನೆಲೆಸಿದ ಅಡುಗೆಯವರು, ದೋಬಿಗಳು, ಗಾಡಿ ಹೊಡೆಯುವವರು, ಕಲ್ಲುಕುಟಿಗರು ಯಾವ ದಿನ ಬಂದರು ಎಂದು ಯಾರೂ ಕೆತ್ತಿಡಲಿಲ್ಲ. 1898ರ ಪ್ಲೇಗಿನಲ್ಲಿ ಮನೆ ಬಿಟ್ಟು ಓಡಿದವರದೂ ಅದೇ ಕಥೆ. ಆ ಭಯದಿಂದ ಕಟ್ಟಿದ ಹೊಸ ಬಡಾವಣೆ ಫ್ರೇಜರ್ ಟೌನ್‌ಗೆ ಮಾತ್ರ ವರ್ಷ ಸಿಗುತ್ತದೆ, 1906. ಇಂಥವರಿಗಾಗಿ ನೋಟ್‌ಬುಕ್ಕಿನ ಹಿಂದಿನ ಕೆಲವು ಹಾಳೆಗಳನ್ನು ಖಾಲಿ ಬಿಡಿಸುತ್ತೇನೆ. ಮನೆಯ ಅಜ್ಜಿಯನ್ನೋ ಪಕ್ಕದ ಬೀದಿಯ ಹಿರಿಯರನ್ನೋ ಕೇಳುವಾಗ ‘ಯಾವ ತಾರೀಖು?’ ಎನ್ನಬೇಡಿ, ಮಾತು ಅಲ್ಲಿಗೇ ನಿಂತುಬಿಡುತ್ತದೆ. ‘ಆ ವಿಮಾನ ಅಪಘಾತ ಆಯ್ತಲ್ಲ, ಅದಕ್ಕಿಂತ ಮುಂಚೆಯಾ ಅಜ್ಜಿ?’, ‘ಈ ಮನೆಗೆ ಬಂದಾಗ ಅಮ್ಮ ಹುಟ್ಟಿದ್ದರಾ?’ ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಅಂದಾಜು ವರ್ಷ ಹಾಕಿಡಿ.