ನಾಲ್ಕು ಪಟ್ಟು ಏರದಿದ್ದರೆ ಲಸಿಕೆ ಸೋತಂತೆಯೇ?

ಆಸ್ಪತ್ರೆ ಸಿಬ್ಬಂದಿಗೆ ಫ್ಲೂ ಬಂದರೆ ಅದು ವಾರ್ಡಿನ ರೋಗಿಗಳಿಗೂ ಹರಡೀತು. ಅದಕ್ಕೇ ಅವರು ಪ್ರತಿ ವರ್ಷ ಲಸಿಕೆ ಹಾಕಿಸಿಕೊಳ್ಳಬೇಕು ಅನ್ನೋದು. ಸರಿ, ಲಸಿಕೆ ಕೆಲಸ ಮಾಡಿತಾ ಅಂತ ಅಳೆಯೋದು ಹೇಗೆ?

ಫ್ಲೂ ವೈರಸ್ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಪ್ರತಿಕಾಯಗಳು ಈ ಅಂಟನ್ನು ತಡೆಯುತ್ತವೆ. ಹಾಗಾಗಿ ಸೀರಮ್ಮನ್ನು 10, 20, 40, 80 ಪಟ್ಟು ಹೀಗೆ ತೆಳುಮಾಡುತ್ತಾ ಹೋಗುತ್ತಾರೆ. ಎಲ್ಲಿಯವರೆಗೆ ತಡೆ ಉಳಿಯುತ್ತೋ ಆ ಕೊನೆಯ ಸಂಖ್ಯೆಯೇ ಟೈಟರ್. ಆರೋಗ್ಯವಂತ ವಯಸ್ಕರಲ್ಲಿ ಟೈಟರ್ 40 ಇದ್ದರೆ ಸೋಂಕಿನ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ರೂಢಿಯ ಲೆಕ್ಕ.

ಲಸಿಕೆಗೆ ಮೊದಲು ಒಮ್ಮೆ, ಮೂರು-ನಾಲ್ಕು ವಾರದ ನಂತರ ಇನ್ನೊಮ್ಮೆ ಅಳೆಯುತ್ತಾರೆ. ಟೈಟರ್ ನಾಲ್ಕು ಪಟ್ಟು ಏರಿ, ಕನಿಷ್ಠ 40 ಮುಟ್ಟಿದರೆ ದೇಹ ಸ್ಪಂದಿಸಿತು ಅಂತ ಎಣಿಕೆ. ಎರಡು ಪಟ್ಟು ಯಾಕೆ ಸಾಲದು? ಒಂದು ಮೆಟ್ಟಿಲಿನ ವ್ಯತ್ಯಾಸ ಪರೀಕ್ಷೆಯ ದೋಷವೇ ಇರಬಹುದು, ನಮ್ಮ ಲ್ಯಾಬಿನ ಲೀಸ್ಟ್ ಕೌಂಟ್ ಥರ.

ಈಗ ಇಬ್ಬರು ನರ್ಸ್‌ಗಳಿದ್ದಾರೆ ಅಂದುಕೊಳ್ಳೋಣ. ಮೊದಲ ಸಲ ಲಸಿಕೆ ಪಡೆದವರ ಟೈಟರ್ 10ರಿಂದ 80ಕ್ಕೆ ಏರಿತು: ಎಂಟು ಪಟ್ಟು. ವರ್ಷವರ್ಷ ಪಡೆದವರದು 80ರಿಂದ 160ಕ್ಕೆ: ಎರಡೇ ಪಟ್ಟು. ಕಾಗದದಲ್ಲಿ ಎರಡನೆಯವರು ಫೇಲ್, ಟೈಟರಿನಲ್ಲಿ ಮಾತ್ರ ಮುಂದೆ!

ಪದೇ ಪದೇ ಲಸಿಕೆ ಪಡೆದವರಲ್ಲಿ ಏರಿಕೆ ಕಡಿಮೆ ಕಾಣಲು ಇದೊಂದು ಕಾರಣ. ಇನ್ನೊಂದೂ ಇದೆ: ಹಳೆಯ ತಳಿಗಳ ನೆನಪು ಕೆಲವೊಮ್ಮೆ ಹೊಸ ತಳಿಯ ವಿರುದ್ಧದ ಸ್ಪಂದನೆಯನ್ನೇ ತಗ್ಗಿಸಬಹುದು. ಹಾಗಾಗಿ ಎಷ್ಟು ಪಟ್ಟು ಅಂತ ಕೇಳುವ ಮೊದಲು, ಎಲ್ಲಿಂದ ಶುರುವಾಯ್ತು, ಎಲ್ಲಿಗೆ ಮುಟ್ಟಿತು ಅಂತ ನೋಡೋಣ.